ಫ್ಲೋಟ್ ಲೆಕ್ಕದೊಳಗೆ ನುಸುಳುವ ಡಬಲ್

ಸಿ ಭಾಷೆಯಲ್ಲಿ 0.1 ಎಂದು ಬರೆದರೆ ಅದು ಡಬಲ್, ಅಂದರೆ 64 ಬಿಟ್‌ನಲ್ಲಿ ಇಡುವ ದಶಮಾಂಶ ಸಂಖ್ಯೆ. 32 ಬಿಟ್‌ನಲ್ಲಿ ಇಡುವ ಫ್ಲೋಟ್ ಬೇಕಿದ್ದರೆ ಕೊನೆಗೆ ಎಫ್ ಅಕ್ಷರವನ್ನು ಸೇರಿಸಬೇಕು. ಎಲ್ಲರಿಗೂ ಗೊತ್ತಿರುವ ನಿಯಮವೇ ಆದರೂ, ಗಣಿತದ ಲೈಬ್ರರಿಯೊಂದರ ಫ್ಲೋಟ್ ಫಂಕ್ಷನ್‌ಗಳನ್ನು ಓದಲು ಕೂತಾಗ ನಾನು ಮೊದಲು ಹುಡುಕುವುದು ಬಿಟ್ಟುಹೋದ ಈ ಎಫ್ ಅನ್ನೇ. ಅದಿಲ್ಲದಿದ್ದರೆ ಫ್ಲೋಟ್ ಬೆಲೆ ಮೊದಲು ಡಬಲ್ ಆಗಿ ಹಿಗ್ಗುತ್ತದೆ, ಲೆಕ್ಕ ಡಬಲ್‌ನಲ್ಲಿ ನಡೆಯುತ್ತದೆ, ಉತ್ತರವನ್ನು ಫ್ಲೋಟ್‌ನಲ್ಲಿ ಇಡುವಾಗ ಮತ್ತೆ ಕುಗ್ಗುತ್ತದೆ. ಇದು ಹಳೆಯ ಕಾಲದ ಬಳುವಳಿ: ಮೊದಮೊದಲ ಸಿ ಭಾಷೆಯಲ್ಲಿ ಫ್ಲೋಟ್ ಲೆಕ್ಕಗಳೆಲ್ಲ ಡಬಲ್‌ನಲ್ಲೇ ನಡೆಯುತ್ತಿದ್ದವು, ಫ್ಲೋಟ್ ಲೆಕ್ಕವನ್ನು ಫ್ಲೋಟ್‌ನಲ್ಲೇ ಮಾಡಬಹುದೆಂದು ಒಪ್ಪಿದ್ದು ಸಿ ಭಾಷೆಯ 1989ರ ಪ್ರಮಾಣಕ.

ಇದರ ಖರ್ಚು ಕಾಣುವುದು ಸಣ್ಣ ಉಪಕರಣಗಳೊಳಗೆ ಕೂರುವ ಕಾರ್ಟೆಕ್ಸ್ ಎಂ4ನಂಥ ಚಿಪ್‌ಗಳಲ್ಲಿ. ಅದರ ಫ್ಲೋಟಿಂಗ್ ಪಾಯಿಂಟ್ ಘಟಕಕ್ಕೆ 32 ಬಿಟ್‌ನ ಲೆಕ್ಕ ಮಾತ್ರ ಬರುತ್ತದೆ. ಡಬಲ್ ಬೇಕೆಂದರೆ ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲಿ ಮಾಡಬೇಕು. ಡಿಗ್ರಿಯಲ್ಲಿರುವ ಕೋನವನ್ನು 3.14159265ರಿಂದ ಗುಣಿಸಿ 180.0ರಿಂದ ಭಾಗಿಸುವ ಒಂದೇ ಸಾಲು ಅಲ್ಲಿ ನಾಲ್ಕು ಲೈಬ್ರರಿ ಕರೆಗಳಾಗುತ್ತದೆ: ಹಿಗ್ಗಿಸುವುದಕ್ಕೆ ಒಂದು, ಗುಣಿಸುವುದಕ್ಕೆ ಒಂದು, ಭಾಗಿಸುವುದಕ್ಕೆ ಒಂದು, ಕುಗ್ಗಿಸುವುದಕ್ಕೆ ಒಂದು. ಎರಡೂ ಸಂಖ್ಯೆಗಳಿಗೆ ಎಫ್ ಹಚ್ಚಿ, ಅವುಗಳ ಭಾಗಾಕಾರವನ್ನು ಆವರಣದೊಳಗೆ ಹಾಕಿದರೆ ಆ ಭಾಗಾಕಾರವನ್ನು ಕಂಪೈಲರ್ (ಕೋಡನ್ನು ಯಂತ್ರದ ಸೂಚನೆಗಳಾಗಿ ಮಾರ್ಪಡಿಸುವ ಪ್ರೋಗ್ರಾಂ) ತಾನೇ ಮುಗಿಸಿಡುತ್ತದೆ, ಚಿಪ್‌ಗೆ ಉಳಿಯುವುದು ಒಂದು ಗುಣಾಕಾರದ ಸೂಚನೆ. ಕೊನೆಯ ಬಿಟ್‌ನಲ್ಲಿ ಉತ್ತರ ಅಲ್ಲಲ್ಲಿ ಬದಲಾಗಬಹುದು, ಇದನ್ನು ತಿಳಿದೇ ಬದಲಿಸಬೇಕು.

ಕಂಪೈಲರ್ ಕೆಲವೊಮ್ಮೆ ನಮ್ಮ ಕೈ ಹಿಡಿಯುತ್ತದೆ. ಫ್ಲೋಟ್ ಅನ್ನು 0.5ರಿಂದ ಗುಣಿಸಿ ಫ್ಲೋಟ್‌ನಲ್ಲೇ ಇಟ್ಟರೆ ಪರಿವರ್ತನೆಗಳನ್ನು ಅದು ತೆಗೆದುಹಾಕಬಹುದು, ಏಕೆಂದರೆ 0.5 ಫ್ಲೋಟ್‌ನಲ್ಲಿ ಪೂರ್ತಿ ಹಿಡಿಸುತ್ತದೆ, ಮತ್ತು ಸಂಖ್ಯೆಯ ಅಂಕಿಗಳನ್ನು ಹಿಡಿಯುವ ಡಬಲ್‌ನ 53 ಬಿಟ್‌ಗಳು ಫ್ಲೋಟ್‌ನ 24ರ ಎರಡರಷ್ಟಕ್ಕಿಂತ ಹೆಚ್ಚಿರುವುದರಿಂದ ಎರಡು ಬಾರಿ ರೌಂಡ್ ಆದರೂ ಗುಣಾಕಾರದ ಉತ್ತರ ಬದಲಾಗುವುದಿಲ್ಲ. 0.1ಕ್ಕೆ ಈ ಭಾಗ್ಯವಿಲ್ಲ. ಫ್ಲೋಟ್‌ನಲ್ಲಿ ಅದು ಸುಮಾರು 0.1000000015 ಆಗುತ್ತದೆ, ಡಬಲ್‌ನಲ್ಲಿ ನಿಜವಾದ 0.1ಕ್ಕೆ ಇನ್ನೂ ಹತ್ತಿರವಿರುತ್ತದೆ, ಹಾಗಾಗಿ 0.1ಎಫ್ ಇಟ್ಟ ಚರವು 0.1ಕ್ಕಿಂತ ದೊಡ್ಡದೇ ಎಂದು ಕೇಳಿದರೆ ಹೌದೆಂಬ ಉತ್ತರ ಬರುತ್ತದೆ. ಎಫ್ ಬಿಟ್ಟುಹೋದರೆ ವೇಗ ಮಾತ್ರವಲ್ಲ, ಷರತ್ತಿನ ಫಲವೂ ಕೈತಪ್ಪುತ್ತದೆ.

ಹಾಗೆಂದು ಡಬಲ್ ಕಂಡಲ್ಲೆಲ್ಲ ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ಸಿ ಭಾಷೆಯ ಮೂಲ ಫಂಕ್ಷನ್‌ಗಳನ್ನು ಕೊಡುವ ಮಸಲ್ ಲೈಬ್ರರಿಯಲ್ಲಿ ಫ್ಲೋಟ್ ಕೋನದ ಸೈನ್ ಕೊಡುವ ಸೈನ್‌ಎಫ್ ಫಂಕ್ಷನ್ ಉದ್ದೇಶಪೂರ್ವಕವಾಗಿ ಡಬಲ್ ಬಳಸುತ್ತದೆ; ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಿಂದ ಬಂದ ಪದ್ಧತಿಯದು. ಸೈನ್ ಕಂಡುಹಿಡಿಯುವ ಮೊದಲು ಕೋನದಿಂದ ಪೈ ಅರ್ಧದ ಗುಣಕಗಳನ್ನು ಕಳೆಯಬೇಕಾಗುತ್ತದೆ, ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ 24 ಬಿಟ್‌ಗಳಲ್ಲಿ ಬಹುಪಾಲು ಕರಗಿಹೋಗುತ್ತವೆ. ಪೂರ್ತಿ ಫ್ಲೋಟ್‌ನಲ್ಲೇ ಇದನ್ನು ಮಾಡುವ ಇನ್ನೊಂದು ಲೈಬ್ರರಿ ನ್ಯೂಲಿಬ್, ಪೈ ಅರ್ಧವನ್ನು ಹಲವು ತುಂಡುಗಳಾಗಿ ಒಡೆದು ಒಂದೊಂದಾಗಿ ಕಳೆಯುತ್ತದೆ. ಡಬಲ್ ಯಂತ್ರಾಂಶ ಇರುವಲ್ಲಿ ಮಸಲ್‌ನ ದಾರಿ ಸರಳವೂ ವೇಗವೂ ಹೌದು, ಎಂ4ನಲ್ಲಿ ನ್ಯೂಲಿಬ್‌ನ ದಾರಿಯೇ ಸರಿ. ಮಸಲ್‌ನಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಶಿಸ್ತು: ಒಳಬರುವಾಗ ಒಮ್ಮೆ ಹಿಗ್ಗಿದ ಬೆಲೆ ಸೈನ್ ಕೊಡುವ ಬಹುಪದಿಯ ಲೆಕ್ಕವೆಲ್ಲ ಮುಗಿಯುವವರೆಗೂ ಡಬಲ್ ಆಗಿಯೇ ಇದ್ದು, ಹೊರಹೋಗುವಾಗ ಒಮ್ಮೆ ಮಾತ್ರ ಕುಗ್ಗುತ್ತದೆ. ನನ್ನ ತಕರಾರು ಇರುವುದು ನಡುನಡುವೆ ಹಿಗ್ಗಿ ಕುಗ್ಗುವ ಕೋಡ್‌ನ ಮೇಲೆ. ಅದರಿಂದ ಡಬಲ್‌ನ ನಿಖರತೆಯೂ ದಕ್ಕುವುದಿಲ್ಲ, ಫ್ಲೋಟ್‌ನ ವೇಗವೂ ದಕ್ಕುವುದಿಲ್ಲ.

ಜಿಸಿಸಿ ಕಂಪೈಲರ್‌ನಲ್ಲಿ ಫ್ಲೋಟ್ ತಾನಾಗಿ ಡಬಲ್ ಆದಲ್ಲಿ ಹೇಳುವ ಡಬಲ್ ಪ್ರಮೋಷನ್ ಎಂಬ ಎಚ್ಚರಿಕೆಯಿದೆ, ಆದರೆ ಸಾಮಾನ್ಯವಾಗಿ ಬಳಸುವ ವಾಲ್ ಮತ್ತು ಎಕ್ಸ್‌ಟ್ರಾ ಎಂಬ ಎಚ್ಚರಿಕೆಗಳ ಗುಂಪುಗಳಲ್ಲಿ ಅದು ಸೇರಿಲ್ಲವಾದ್ದರಿಂದ ಹೆಸರು ಹಿಡಿದೇ ಕೇಳಬೇಕು. ಮುದ್ರಿಸುವ ಪ್ರಿಂಟ್‌ಎಫ್ ಫಂಕ್ಷನ್‌ಗೆ ಫ್ಲೋಟ್ ಕೊಟ್ಟಲ್ಲೂ ಅದು ಗೊಣಗುತ್ತದೆ. ಅಲ್ಲಿ ಪರಿವರ್ತನೆ ಭಾಷೆಯ ಕಡ್ಡಾಯ, ಸುಮ್ಮನಿರುವುದೇ ಲೇಸು. ಎಲ್ಲ ಸ್ಥಿರಾಂಕಗಳನ್ನೂ ಫ್ಲೋಟ್ ಎಂದು ಓದಿಸುವ ಆಯ್ಕೆಯೊಂದೂ ಇದೆಯಾದರೂ, ಲೈಬ್ರರಿಗೆ ಅದನ್ನು ಹಾಕಬಾರದೆಂದೇ ನನ್ನ ಅಭಿಪ್ರಾಯ: ಅದೇ ಕಡತದ ಡಬಲ್ ಫಂಕ್ಷನ್‌ಗಳ ಪೈ ಕೂಡ 24 ಬಿಟ್‌ಗೆ ಇಳಿದುಬಿಡುತ್ತದೆ.

ಬದಲಾವಣೆಯನ್ನು ಪರೀಕ್ಷಿಸುವುದಕ್ಕೆ ಫ್ಲೋಟ್‌ನಲ್ಲಿ ಒಂದು ಸೌಕರ್ಯವಿದೆ. ಒಂದೇ ಫ್ಲೋಟ್ ಬೆಲೆಯನ್ನು ಪಡೆಯುವ ಫಂಕ್ಷನ್‌ಗೆ ಸಾಧ್ಯವಿರುವ ಬಿಟ್ ವಿನ್ಯಾಸಗಳು 4,29,49,67,296 ಮಾತ್ರ, ಅಷ್ಟನ್ನೂ ಹಳೆಯ ಮತ್ತು ಹೊಸ ಕೋಡ್‌ಗೆ ಕೊಟ್ಟು ನೋಡುವುದು ಮಾಮೂಲಿ ಕಂಪ್ಯೂಟರ್‌ಗೆ ಹೊರೆಯಲ್ಲ. ಉತ್ತರಗಳನ್ನು ಸಮಚಿಹ್ನೆಯಿಂದ ಹೋಲಿಸದೆ ಬಿಟ್‌ಗಳಾಗಿ ಹೋಲಿಸಬೇಕು. ಇಲ್ಲವಾದರೆ ಧನ ಸೊನ್ನೆ ಋಣ ಸೊನ್ನೆಯಾದದ್ದು ಕಣ್ಣಿಗೆ ಬೀಳುವುದಿಲ್ಲ, ತನಗೆ ತಾನೇ ಸಮವಲ್ಲದ ನ್ಯಾನ್ (‘ಸಂಖ್ಯೆಯಲ್ಲ’ ಎಂಬ ಗುರುತಿನ ಬೆಲೆ) ಬಂದಲ್ಲೆಲ್ಲ ಸುಳ್ಳು ದೂರು ಏಳುತ್ತದೆ.