ಟಾಂಗಾ ಮುಂದಕ್ಕೆ, ಗಾಲಿ ಹಿಂದಕ್ಕೆ

ಮೈಸೂರಿನ ಚಿಕ್ಕ ಗಡಿಯಾರದ ಗೋಪುರದ ಮುಂದೆ ಟಾಂಗಾ ಹಾದುಹೋಗುವ ಪುಟ್ಟ ಅನಿಮೇಷನ್ ಮಾಡುತ್ತಿದ್ದೇನೆ. ಅದರ ಕುದುರೆ ಈ ವಾರ ಓಡಿತು. ಕುದುರೆ ಪೂರ್ತಿ ಕೈಯಲ್ಲಿ ಬರೆದದ್ದು, ಅಡಿಯಿಂದ ಬೆಳಕು ಬರುವ ಲೈಟ್ ಬಾಕ್ಸ್ ಮೇಲೆ ಪೆನ್ಸಿಲ್ ಹಿಡಿದು. ಗಾಡಿಯ ಗಾಲಿ ಮಾತ್ರ ಕಂಪ್ಯೂಟರಿನಲ್ಲಿ, 3ಡಿ ಅನಿಮೇಷನ್ ಮಾಡುವ ತಂತ್ರಾಂಶ ಬ್ಲೆಂಡರ್‌ನಲ್ಲಿ. 12 ಕಡ್ಡಿಗಳನ್ನು ಪ್ರತಿ ಹಾಳೆಯಲ್ಲೂ ಅಳತೆ ತಪ್ಪದ ಹಾಗೆ ಬರೆಯುತ್ತಾ ಕೂತರೆ ದಸರಾ ಬಂದು ಹೋದರೂ ಕೆಲಸ ಮುಗಿಯಲ್ಲ.

ಕುದುರೆಯ ನಾಲ್ಕೂ ಕಾಲು ಒಂದು ಸಲ ಹೆಜ್ಜೆ ಹಾಕಿ ಮುಗಿಸಲು 8 ಚಿತ್ರ ಸಾಕಾಯಿತು. ಮುಂದಿನ ಎಡಗಾಲು, ಹಿಂದಿನ ಬಲಗಾಲು ಜೊತೆಗೆ ನೆಲ ಮುಟ್ಟುತ್ತವೆ. ಆಮೇಲೆ ಇನ್ನೊಂದು ಜೋಡಿ. ನಡುವೆ ಚೂರು ಹೊತ್ತು ನಾಲ್ಕೂ ಗಾಳಿಯಲ್ಲಿ. ಅರಮನೆ ಹತ್ತಿರ ಫೋನಿನಲ್ಲಿ ಸ್ಲೋ ಮೋಷನ್ ತೆಗೆದುಕೊಂಡಿದ್ದೆ. ಅದನ್ನು ನೋಡಿ ಟಾಂಗಾ ಓಡಿಸುವ ಯಜಮಾನರು ಹೇಳಿದರು: "ನೋಡಿ ಸಾರ್, ಹಿಂಗೆ ಓಡುವಾಗ ತಲೆ ನೆಟ್ಟಗಿರುತ್ತೆ. ಮೇಲೆ ಕೆಳಗೆ ಆಡಿಸ್ತಿದ್ರೆ ಕಾಲು ನೋವಿದೆ ಅಂತ ಅರ್ಥ." ಇಂಥದ್ದು ಯಾವ ಟ್ಯುಟೋರಿಯಲ್‌ನಲ್ಲೂ ನನಗೆ ಸಿಕ್ಕಿರಲಿಲ್ಲ. ತಲೆಯನ್ನು ಹಾಗೇ ನೆಟ್ಟಗಿಟ್ಟು, ಕಿವಿ ಮತ್ತು ಜೂಲು ಮಾತ್ರ ಆಡಿಸಿದೆ.

ತಲೆನೋವು ಶುರುವಾಗಿದ್ದು ಎರಡನ್ನೂ ಸೇರಿಸಿದಾಗ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಕೈ ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುವುದು ಹಳೇ ಪದ್ಧತಿ, ಅಂದರೆ ಸೆಕೆಂಡಿಗೆ 12 ಚಿತ್ರ ಸಾಕು. ಗಾಲಿ ಮಾತ್ರ 24ರಲ್ಲಿ ನುಣ್ಣಗೆ ತಿರುಗುತ್ತಿತ್ತು, ಕುದುರೆ ಅದರ ಮುಂದೆ ಕುಪ್ಪಳಿಸಿದ ಹಾಗೆ ಕಾಣುತ್ತಿತ್ತು. ಸರಿ, ಗಾಲಿಯನ್ನೂ 12ಕ್ಕೆ ಇಳಿಸಿದೆ. ಗಾಲಿ ಹಿಂದಕ್ಕೆ ತಿರುಗತೊಡಗಿತು! ಲೆಕ್ಕ ಹೀಗೆ: ಕಡ್ಡಿಯಿಂದ ಕಡ್ಡಿಗೆ 30 ಡಿಗ್ರಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಗಾಲಿ 24 ಡಿಗ್ರಿ ಮುಂದೆ ಹೋಗುತ್ತಿತ್ತು. ಎಲ್ಲ ಕಡ್ಡಿಯೂ ಒಂದೇ ಥರ ಇರುವುದರಿಂದ ಕಣ್ಣಿಗೆ ಅದು 6 ಡಿಗ್ರಿ ಹಿಂದೆ ಬಂದ ಹಾಗೆ.

ಕೊನೆಗೆ ಕಂಪ್ಯೂಟರ್ ಗಾಲಿಯ ಕಡ್ಡಿಗಳನ್ನೇ ಕಿತ್ತುಹಾಕಿದೆ. ಬಳೆ (ಗಾಲಿಯ ಹೊರಸುತ್ತು) ಮತ್ತು ಗುಂಬ (ಕಡ್ಡಿಗಳು ಸೇರುವ ನಡುಭಾಗ) ಬ್ಲೆಂಡರ್‌ನದು, ಕಡ್ಡಿಯ ಜಾಗದಲ್ಲಿ ಪೆನ್ಸಿಲ್‌ನಿಂದ ಉಜ್ಜಿದ ಗೆರೆಗಳು. ಈಗ ಗಾಲಿ ಜೋರಾಗಿ ಓಡುತ್ತಿದೆ ಅನ್ನಿಸುತ್ತೆ, ಯಾವ ಕಡೆಗೆ ಅನ್ನುವ ಗೊಂದಲ ಇಲ್ಲ.

ಆದರೆ ಕೈಯಲ್ಲಿ ಬರೆದ ಗೆರೆಯ ಪಕ್ಕ ಬಳೆಯ ಗೆರೆ ತೀರಾ ನುಣುಪಾಗಿತ್ತು. 1999ರ ಅನಿಮೇಷನ್ ಸಿನಿಮಾ 'ದಿ ಐರನ್ ಜೈಂಟ್'ನಲ್ಲೂ ಇದೇ ತಾಪತ್ರಯ. ಅಲ್ಲಿ ದೈತ್ಯ ರೋಬೋ ಕಂಪ್ಯೂಟರಿನದು, ಹುಡುಗನನ್ನು ಕೈಯಲ್ಲಿ ಬರೆದಿದ್ದರು. ಎರಡೂ ಹೊಂದಲಿ ಅಂತ ರೋಬೋದ ಗೆರೆ ಸ್ವಲ್ಪ ನಡುಗುವ ಹಾಗೆ ಪ್ರೋಗ್ರಾಂ ಮಾಡಿಸಿದ್ದರು. ನಾನು ಬ್ಲೆಂಡರಿನಲ್ಲೇ ಗೆರೆ ಬರೆಯುವ ಸಲಕರಣೆಯಾದ ಗ್ರೀಸ್ ಪೆನ್ಸಿಲ್‌ನ ನಾಯ್ಸ್ ಮಾಡಿಫೈಯರ್ (ಗೆರೆ ನಡುಗಿಸುವ ಸೌಲಭ್ಯ) ಹಾಕಿ, ಎರಡು ಫ್ರೇಮಿಗೊಮ್ಮೆ ಗೆರೆ ಬದಲಾಗುವಂತೆ ಇಟ್ಟೆ. ಜಾಸ್ತಿ ಹಾಕಿದರೆ ಗಾಲಿಗೆ ಚಳಿಜ್ವರ ಬಂದ ಹಾಗಿರುತ್ತೆ.

ಕೈಯೋ ಕಂಪ್ಯೂಟರೋ ಅನ್ನುವ ಜಗಳ ಸುಮ್ನೆ. ಇಡೀ ಸಿನಿಮಾಗಲ್ಲ, ಒಂದೊಂದು ವಸ್ತುವಿಗೂ ಬೇರೆ ಬೇರೆಯಾಗಿ ಕೇಳಬೇಕಾದ ಪ್ರಶ್ನೆ ಅದು, ಅಲ್ವಾ? ಮುಂದಿನ ಕೆಲಸ ನೆರಳು. ಕುದುರೆಯದನ್ನು ಕೈಯಲ್ಲೇ ಬರೆಯಬೇಕು, ಗಾಡಿಯದನ್ನು ಬ್ಲೆಂಡರ್ ಕೊಡುತ್ತೆ. ಎರಡೂ ಒಂದೇ ಬಿಸಿಲಿನದು ಅನ್ನಿಸಬೇಕು.