ಜೋಳ ಬಂತು, ಬೀಸೋಕೆ ದುಡ್ಡಿಲ್ಲ

ಮೊನ್ನೆ ಫೋನಿನಲ್ಲಿ ಅವ್ವ ಕೇಳಿದಳು, "ಅಲ್ಲಿ ಮಂದಿಗೆ ಏನ್ ಹಂಚತೀರಿ? ಅಕ್ಕಿಯೋ, ಗೋದಿಯೋ?" ಜೋಳ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಜೋರಾಗಿ ನಕ್ಕಳು. ಬಾಗಲಕೋಟೆ ಕಡೆಯ ಹುಡುಗಿ ಆಫ್ರಿಕಾಕ್ಕೆ ಬಂದು ಜೋಳದ ಚೀಲ ನೋಡಬೇಕು ಅಂದರೆ ನಗು ಬರದೆ ಇರುತ್ತಾ?

ನಾನಿರೋದು ದಕ್ಷಿಣ ಸುಡಾನಿನ ಬೆಂಟಿಯುವಿನಲ್ಲಿ. ಅಪೌಷ್ಟಿಕ ಮಕ್ಕಳ ಕೇಂದ್ರವೊಂದರಲ್ಲಿ ನರ್ಸ್. 2011ರ ಜುಲೈಯಲ್ಲಿ ಹುಟ್ಟಿದ ದೇಶ, 2013ರ ಡಿಸೆಂಬರಿನಲ್ಲೇ ಒಳಗೊಳಗೆ ಯುದ್ಧ ಶುರು. 2017ರ ಫೆಬ್ರವರಿಯಲ್ಲಿ ಇದೇ ಯೂನಿಟಿ ರಾಜ್ಯದ ಲೇರ್, ಮಾಯೆಂಡಿಟ್ ಎಂಬ ಎರಡು ಕಡೆ ಕ್ಷಾಮ ಅಂತ ಘೋಷಣೆಯಾಗಿತ್ತು. ಅದು ಇಳಿಯಿತು ಅನ್ನುವಷ್ಟರಲ್ಲಿ 2021ರ ನೆರೆ ಬಂತು, ಆ ನೀರು ವರ್ಷಗಟ್ಟಲೆ ಇಳಿಯಲೇ ಇಲ್ಲ. ಊರ ಸುತ್ತ ಮಣ್ಣಿನ ಒಡ್ಡು. ಒಡ್ಡಿನ ಆಚೆ ಎಷ್ಟೋ ಹೊಲ, ಹುಲ್ಲುಗಾವಲು ನೀರಿನಡಿ ಹೋಗಿವೆ. ದನವೇ ಆಸ್ತಿ ಎನ್ನುವ ನುಯೆರ್ ಜನ ಕಣ್ಣೆದುರೇ ದನ ಕಳಕೊಂಡರು. ಹೆಂಗಸರು ಎದೆಮಟ್ಟ ನೀರಿಗಿಳಿದು ನೈದಿಲೆ ಕಿತ್ತು ತಂದು ಬೇಯಿಸಿದ್ದೂ ಉಂಟು.

ಇಲ್ಲಿಯ ಮಣ್ಣು ನೋಡಿದರೆ ನಿಮಗೆ ನಮ್ಮೂರೇ ನೆನಪಾಗುತ್ತೆ. ಅದೇ ಎರೆ ಮಣ್ಣು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಚಪ್ಪಲಿ ಬಿಟ್ಟು ಬರಬೇಕು. ಲಾರಿ ಚಕ್ರ ಅರ್ಧ ಹೂತರೆ ಮುಗೀತು, ಮಳೆಗಾಲ ಮುಗಿಯುವವರೆಗೂ ಅದು ಅಲ್ಲೇ. ಅದಕ್ಕೇ ಒಳಗಿನ ಊರುಗಳಿಗೆ ವಿಶ್ವ ಆಹಾರ ಕಾರ್ಯಕ್ರಮದವರು ಇಲ್ಯೂಷಿನ್ ವಿಮಾನದಿಂದ ಚೀಲ ಬೀಳಿಸುತ್ತಾರೆ. ಒಂದು ಸಲ ನೋಡಿದೆ. ಜನರನ್ನೆಲ್ಲ ದೂರ ಸರಿಸಿದರು, ವಿಮಾನ ತಗ್ಗಿಗೆ ಬಂತು, ಹಿಂಬಾಗಿಲಿನಿಂದ ಬಿಳಿ ಚೀಲಗಳು ಉದುರಿದವು, ಪ್ಯಾರಾಚೂಟೂ ಇಲ್ಲ, ಏನೂ ಇಲ್ಲ. ಒಡೆಯಬಾರದು ಅಂತ ಚೀಲದ ಮೇಲೆ ಚೀಲ ಹಾಕಿರುತ್ತಾರೆ. ಆದರೂ ಕೆಲವು ಒಡೆಯುತ್ತವೆ. ಆಮೇಲೆ ಹೆಂಗಸರು ಬಂದು ಒಂದೊಂದು ಕಾಳೂ ಬಿಡದೆ ಆರಿಸಿದರು, ಕೈಯಲ್ಲೇ ಮಣ್ಣು ಕೇರಿ.

ಸರಿ, ಜೋಳ ಬಂತು. ಬೀಸೋರು ಯಾರು?

ಇದನ್ನು ಮಾತ್ರ ಯಾರೂ ಕೇಳಲ್ಲ ನೋಡಿ. ಹಂಚೋದು ಇಡಿ ಕಾಳು, ಯಾಕಂದ್ರೆ ಹಿಟ್ಟು ಬೇಗ ಕೆಡುತ್ತೆ. ಅದು ನಿಜವೇ. ಆದರೆ ಗಿರಣಿಯವನಿಗೆ ದುಡ್ಡು ಬೇಕಲ್ಲ. ಅವನ ಡೀಸೆಲ್ ದೂರದಿಂದ ಬರಬೇಕು, ಕಡಿಮೆ ತಗೋ ಅಂದರೆ ಅವನಿಗೂ ಗಿಟ್ಟಲ್ಲ. ಕೈಯಲ್ಲಿ ಕಾಸಿಲ್ಲದವರು ಏನು ಮಾಡ್ತಾರೆ? ಸಿಕ್ಕ ಜೋಳದಲ್ಲೇ ಒಂದಿಷ್ಟು ಮಾರಿ, ಉಳಿದದ್ದನ್ನು ಬೀಸಿಸ್ತಾರೆ. ಅಥವಾ ಒನಕೆ ಹಿಡಿದು ಗಂಟೆಗಟ್ಟಲೆ ಕುಟ್ಟುತ್ತಾರೆ. ದುಡ್ಡಿನ ಕೊರತೆಯಿಂದ 2021ರಲ್ಲಿ ನಿರಾಶ್ರಿತರ, ನೆಲೆ ತಪ್ಪಿದವರ ಪಡಿತರವನ್ನು ಅರ್ಧಕ್ಕೆ ಇಳಿಸಿದರು. ದಿನಕ್ಕೆ 2,100 ಕ್ಯಾಲೊರಿ ಇರಬೇಕಾದ ಕಡೆ ಅರ್ಧ, ಆ ಅರ್ಧದಲ್ಲಿ ಗಿರಣಿ ಪಾಲು ಕಳೆಯಿರಿ. ಇಷ್ಟೆಲ್ಲ ದಾಟಿ ಬಂದ ಹಿಟ್ಟಿನಿಂದ ಅಸೀದಾ ಮಾಡ್ತಾರೆ, ಹೆಚ್ಚುಕಮ್ಮಿ ನಮ್ಮ ಸಂಗಟಿಯೇ. ರೊಟ್ಟಿ ಬಡಿಯಲ್ವಾ ಅಂತ ಅವ್ವ ಕೇಳಿದಳು. ಇಲ್ಲವ್ವ.

ನನ್ನ ಕೆಲಸ ಒಂದು ಅಳತೆ ಪಟ್ಟಿಯಿಂದ ಶುರುವಾಗುತ್ತೆ. ಮಗುವಿನ ಎಡ ರಟ್ಟೆಗೆ ಸುತ್ತಿ ಎಳೆಯೋದು. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, 12.5ರವರೆಗೆ ಹಳದಿ, ಅದರ ಮೇಲೆ ಹಸಿರು. ನಮ್ಮಲ್ಲೂ ಇದೇ ಪಟ್ಟಿ ಇದೆ. ಕೆಂಪು ಬಂದ ಮಗುವಿಗೆ 92 ಗ್ರಾಂನ ಪೊಟ್ಟಣ, ಒಳಗೆ ಶೇಂಗಾ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ವಿಟಮಿನ್ ಸೇರಿಸಿದ ಮುದ್ದೆ, ಒಂದರಲ್ಲಿ 500 ಕ್ಯಾಲೊರಿ. ನೀರು ಬೇಡ, ಒಲೆ ಬೇಡ. ಹಿಸುಕಿ, ಮೂಲೆ ಹರಿದು, ಚೀಪಬೇಕು ಅಷ್ಟೆ. ಮೊದಲು ನಮ್ಮೆದುರೇ ಸ್ವಲ್ಪ ತಿನ್ನಿಸಿ ನೋಡ್ತೀವಿ. ತಿಂದರೆ ಮನೆಗೆ, ಮುಖ ತಿರುಗಿಸಿದರೆ ಆಸ್ಪತ್ರೆಗೆ. ಅಳುವ ಮಗು ಕಂಡರೆ ನನಗೆ ಹೆದರಿಕೆ ಇಲ್ಲ. ಅಳದೆ ಸುಮ್ನೆ ನೋಡ್ತಾ ಕೂತಿರುತ್ತಲ್ಲ, ಅದನ್ನು ಕಂಡರೆ.

ಮುಂದಿನ ವಾರ ಬರುವಾಗ ಖಾಲಿ ಪೊಟ್ಟಣ ತರಬೇಕು ಅನ್ನೋದು ನಮ್ಮ ನಿಯಮ. ಒಬ್ಬ ತಾಯಿ ಅಷ್ಟೂ ತಂದಿದ್ದಳು, ನೆಕ್ಕಿ ನೆಕ್ಕಿ ಒಳಗಡೆ ಬೆಳ್ಳಗೆ ಹೊಳೆಯುತ್ತಿತ್ತು. ಮಗುವಿನ ತೂಕ ಮಾತ್ರ ಒಂದಿಷ್ಟೂ ಏರಿಲ್ಲ. ಮನೆಯಲ್ಲಿ ಎಷ್ಟು ಮಕ್ಕಳು ಅಂತ ದುಭಾಷಿ ಅಣ್ಣನ ಮೂಲಕ ಕೇಳಿದೆ. ನಾಲ್ಕು ಬೆರಳು ಎತ್ತಿ ತಲೆ ತಗ್ಗಿಸಿದಳು.

ಪೊಟ್ಟಣ ಔಷಧಿ ಇದ್ದಂತೆ, ಹಂಚಬಾರದು ಅಂತ ಹೇಳಬೇಕು. ಹೇಳಿದೆ ಕೂಡ. ಆದರೆ ದನಿ ಏರಲಿಲ್ಲ. ನಮ್ಮಪ್ಪ ಶಾಲೆಯಲ್ಲಿ ಕೇರ್ ಉಪ್ಪಿಟ್ಟು ತಿಂದು ಬೆಳೆದವರು, ಅಮೆರಿಕದಿಂದ ಬಂದ ಹಳದಿ ರವೆಯದ್ದು. ಅರ್ಧ ತಿಂದು, ಉಳಿದದ್ದನ್ನು ಕಾಗದದಲ್ಲಿ ಕಟ್ಟಿ, ಇನ್ನೂ ಶಾಲೆಗೆ ಸೇರದ ತಂಗಿಗೆ ಪಾಟೀಚೀಲದಲ್ಲಿ ಒಯ್ಯುತ್ತಿದ್ದರಂತೆ. ಮಾಸ್ತರು ಎರಡು ಸಲ ಹೊಡೆದರೂ ಬಿಡಲಿಲ್ಲವಂತೆ. ಆ ತಂಗಿ, ನಮ್ಮತ್ತೆ, ಈಗಲೂ ಇದನ್ನು ಹೇಳಿ ನಗ್ತಾಳೆ.

ಮನೆಯಲ್ಲೇ ಅಳೆಯಲಿ ಅಂತ ತಾಯಂದಿರಿಗೂ ಪಟ್ಟಿ ಕೊಡ್ತೀವಿ. ಅವಳಿಗೂ ಒಂದು ಕೊಟ್ಟು, ತೋರಿಸಿ ಕಳಿಸಿದೆ. ಮುಂದಿನ ವಾರ ನಾಲ್ವರನ್ನೂ ಕರಕೊಂಡು ಬಂದಳು. "ಮಾಲೆ" ಅಂತ ನಮಸ್ಕಾರ ಹೇಳಿ, ನನ್ನ ಕೈಗೆ ಕೊಡದೆ ತಾನೇ ಪಟ್ಟಿ ಬಿಚ್ಚಿದಳು. ಚಿಕ್ಕದು ಇನ್ನೂ ಕೆಂಪೇ, ಆದರೆ ಒಂದು ಗೆರೆ ಮುಂದೆ ಬಂದಿತ್ತು. ಅದರ ಮೇಲಿನದಕ್ಕೆ ಸುತ್ತಿದಳು. ಹಳದಿ. ನನ್ನ ಮುಖ ನೋಡಿ, ಮೂರನೆಯವನನ್ನು ಮುಂದಕ್ಕೆ ತಳ್ಳಿದಳು.