ಎಪ್ಪತ್ತೈದು ತಾಸಿನ ಸೇವೆ: ಮೇರಿಲ್ಯಾಂಡ್ ಹೈಸ್ಕೂಲಿನಿಂದ ಕೊಪ್ಪಳದ ಮಾಸ್ತರರಿಗೆ

ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆಯಿಂದ ಅಮೆರಿಕಕ್ಕೆ ಫೋನ್ ಮಾಡಿದವರು ಮಕ್ಕಳ ಓದಿನ ಮಾತು ಬಂದಾಗ ಕೇಳುವುದುಂಟು: "ಅಲ್ಲಿ ಹುಡುಗರು ಸಮಾಜಸೇವೆ ಮಾಡಿದ್ರ ಮಾರ್ಕ್ಸ್ ಕೊಡ್ತಾರಂತಲ್ಲ, ಖರೇನ?" ಮಾರ್ಕ್ಸ್ ಕೊಡುವುದಿಲ್ಲ. ಆದರೆ ಮೇರಿಲ್ಯಾಂಡ್ ರಾಜ್ಯದ ಸರ್ಕಾರಿ ಶಾಲೆಯ ಮಗು 75 ತಾಸು ಸೇವೆ ಮುಗಿಸಬೇಕು, ಇಲ್ಲವೇ ತನ್ನ ಜಿಲ್ಲೆ ರೂಪಿಸಿದ ಸೇವಾ ಕಾರ್ಯಕ್ರಮವನ್ನಾದರೂ ಪೂರೈಸಬೇಕು. ಅದಿಲ್ಲದೆ ಹನ್ನೆರಡನೇ ತರಗತಿಯ ಡಿಪ್ಲೊಮಾ ಕೈಗೆ ಬರುವುದಿಲ್ಲ. 1992ರಲ್ಲಿ ಮಾಡಿದ ನಿಯಮ ಇದು. 1997ರಲ್ಲಿ ಪಾಸಾದ ಬ್ಯಾಚಿನಿಂದ ಜಾರಿಯಾಯಿತು. ಪಕ್ಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ 100 ತಾಸು. ಬಹುಪಾಲು ರಾಜ್ಯಗಳಲ್ಲಿ ಇಂಥ ಕಡ್ಡಾಯವಿಲ್ಲ, ಆದರೂ ಅಲ್ಲಿನ ಹೈಸ್ಕೂಲುಗಳಲ್ಲೂ ಸೇವಾ ಕ್ಲಬ್ಬುಗಳಿವೆ.

ಆ ಕ್ಲಬ್ಬುಗಳ ಬೇರು ಹಳೆಯದು. ಲಯನ್ಸ್, ರೋಟರಿಯಂಥದೇ ಸೇವಾ ಸಂಸ್ಥೆಯಾದ ಕಿವಾನಿಸ್‌ನ ಆಸರೆಯಲ್ಲಿ ನಡೆಯುವ ಕೀ ಕ್ಲಬ್ 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಹುಟ್ಟಿತು. ಲಯನ್ಸ್‌ನವರ ಲಿಯೋ ಕ್ಲಬ್ 1957ರದು, ರೋಟರಿಯವರ ಇಂಟರಾಕ್ಟ್ 1962ರದು. ನ್ಯಾಷನಲ್ ಆನರ್ ಸೊಸೈಟಿ 1921ರಿಂದ ಇದೆ, ಆದರೆ ಅದಕ್ಕೆ ಬೇಕೆಂದವರೆಲ್ಲ ಸೇರುವ ಹಾಗಿಲ್ಲ. ಓದು, ಸೇವೆ, ನಾಯಕತ್ವ, ನಡತೆ ನಾಲ್ಕನ್ನೂ ನೋಡಿ ಆರಿಸುತ್ತಾರೆ.

ಹೆಸರು ಯಾವುದಾದರೂ ಇರಲಿ, ಒಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ವಿದ್ಯಾರ್ಥಿಗಳೇ. ಊಟದ ಬಿಡುವಿನಲ್ಲೋ ಶಾಲೆ ಬಿಟ್ಟ ಮೇಲೋ ಒಂದು ಕ್ಲಾಸ್‌ರೂಮಿನಲ್ಲಿ ಸಭೆ, ಅರ್ಧ ತಾಸು. ಸಲಹೆಗಾರ ಶಿಕ್ಷಕರು ಒಬ್ಬರು ಹಿಂದೆ ಕುಳಿತಿರುತ್ತಾರೆ, ಸಭೆ ನಡೆಸುವುದಿಲ್ಲ. ನಮ್ಮ ಕಡೆಯ ಶಾಲೆಗಳು ಕಲಿಯಬೇಕಾದ್ದು ಇದನ್ನೇ. ಮಾಸ್ತರರು ಹೇಳಿದ್ದನ್ನು ಮಕ್ಕಳು ಮಾಡಿದರೆ ಅದು ಶ್ರಮದಾನ. ಯಾವ ಕೆಲಸ, ಯಾರಿಗೆ, ಎಷ್ಟು ಜನ ಎಂಬುದನ್ನು ಮಕ್ಕಳೇ ಮಾತಾಡಿ ನಿರ್ಧರಿಸಿ, ತಪ್ಪಾದರೆ ತಾವೇ ತಿದ್ದಿಕೊಂಡರೆ ಅದು ಕ್ಲಬ್.

ಕೆಲಸ ಹೇಗಿರುತ್ತದೆ ಎಂಬುದಕ್ಕೆ ಫುಡ್ ಬ್ಯಾಂಕಿನ ಮೇಜನ್ನೇ ನೋಡಿ. ಜನ ಕೊಟ್ಟ ದಿನಸಿ ದೊಡ್ಡ ರಟ್ಟಿನ ಪೆಟ್ಟಿಗೆಗಳಲ್ಲಿ ಬಂದು ಬೀಳುತ್ತದೆ. ಬಡ ಕುಟುಂಬಗಳಿಗೆ ಹೋಗುವ ಮುಂಚೆ ಅದನ್ನು ವಿಂಗಡಿಸಬೇಕು. ಮಗು ಡಬ್ಬಿಯನ್ನು ಕೈಗೆತ್ತಿಕೊಂಡು ಮೊದಲು ಮೇಲೆ, ಕೆಳಗೆ ಅಂಚಿನ ಸುತ್ತ ಬೆರಳಾಡಿಸುತ್ತದೆ. ಅಂಚಿನಲ್ಲಿ ಅಥವಾ ಉದ್ದದ ಬೆಸುಗೆಯ ಮೇಲೆ ನೆಗ್ಗಿದ್ದರೆ ಪಕ್ಕಕ್ಕೆ. ಬೆರಳು ಕೂರುವಷ್ಟು ಆಳ ನೆಗ್ಗಿದ್ದರೂ ಪಕ್ಕಕ್ಕೆ. ಉಬ್ಬಿದ್ದರೆ, ಸೋರುತ್ತಿದ್ದರೆ ನೇರ ಕಸಕ್ಕೆ, ಏಕೆಂದರೆ ಒಳಗೆ ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಇರಬಹುದು. ಮೈಮೇಲಿನ ಸಣ್ಣ ನೆಗ್ಗಿಗೆ ತೊಂದರೆಯಿಲ್ಲ. ಆಮೇಲೆ ತಾರೀಖು. ಡಬ್ಬಿಯ ಮೇಲಿನ ತಾರೀಖು ಬಹುತೇಕ ರುಚಿಗೆ ಸಂಬಂಧಿಸಿದ್ದು, ದಾಟಿದರೂ ಎಷ್ಟು ತಿಂಗಳವರೆಗೆ ಕೊಡಬಹುದು ಎಂಬ ಪಟ್ಟಿ ಗೋಡೆಗೆ ಅಂಟಿಸಿರುತ್ತಾರೆ. ಕೂಸಿನ ಹಾಲಿನ ಪುಡಿಗೆ ಮಾತ್ರ ಆ ಸಡಿಲಿಕೆ ಇಲ್ಲ. ಒಂದು ದಿನ ದಾಟಿದರೂ ಕೊಡುವಂತಿಲ್ಲ. ಕಾಲಿಗೆ ಮುಚ್ಚಿದ ಬೂಟು ಬೇಕು, ಚಪ್ಪಲಿಯಲ್ಲಿ ಬಂದವರನ್ನು ವಾಪಸ್ ಕಳಿಸುತ್ತಾರೆ. ಕೆಲಸ ಮುಗಿದ ಮೇಲೆ ಹಾಳೆಯಲ್ಲಿ ಬಂದ ಹೊತ್ತು, ಹೋದ ಹೊತ್ತು, ಅಲ್ಲಿನ ಮೇಲ್ವಿಚಾರಕರ ಸಹಿ.

ಎಡವಟ್ಟಾಗುವುದು ಹೆಚ್ಚಾಗಿ ಆ ಸಹಿಯಲ್ಲೇ. ಸೆಪ್ಟೆಂಬರ್‌ನಲ್ಲಿ ಮಾಡಿದ ಕೆಲಸಕ್ಕೆ ಮೇ ತಿಂಗಳಲ್ಲಿ ಸಹಿ ಕೇಳಲು ಹೋದರೆ ಆ ಮೇಲ್ವಿಚಾರಕರು ಅಲ್ಲಿರುವುದಿಲ್ಲ, ಇದ್ದರೂ ನೆನಪಿರುವುದಿಲ್ಲ. ಸಂಬಂಧಿಕರ ಅಂಗಡಿಯಲ್ಲಿ ಕುಳಿತದ್ದು, ಮನೆಯ ತಮ್ಮನಿಗೆ ಪಾಠ ಹೇಳಿದ್ದು ತಾಸಿನ ಲೆಕ್ಕಕ್ಕೆ ಬರುವುದಿಲ್ಲ. ಮೇರಿಲ್ಯಾಂಡಿನ ನಿಯಮ ಬರೀ ಕೆಲಸವನ್ನೂ ಒಪ್ಪುವುದಿಲ್ಲ: ಮುಂಚಿನ ತಯಾರಿ, ಕೆಲಸ, ಆಮೇಲೆ ಕಲಿತದ್ದನ್ನು ಯೋಚಿಸಿ ಬರೆಯುವುದು ಮೂರೂ ಇರಬೇಕು. ಮಕ್ಕಳು ಆ ಕೊನೆಯದನ್ನೇ ಬಿಡುತ್ತಾರೆ.

ಇನ್ನೊಂದು ತೊಂದರೆ ಓಡಾಟದ್ದು. ಊರ ಹೊರಗಿನ ಬಡಾವಣೆಗಳಿಗೆ ಬಸ್ ಕಡಿಮೆ. ಲೈಸೆನ್ಸ್ ಸಿಕ್ಕ ಹುಡುಗ ಗೆಳೆಯರನ್ನು ಕೂರಿಸಿಕೊಂಡು ಹೋಗೋಣವೆಂದರೆ, ಮೇರಿಲ್ಯಾಂಡಿನಲ್ಲಿ ಹದಿನೆಂಟು ತುಂಬದ ಹೊಸ ಚಾಲಕರು ಮೊದಲ ಸುಮಾರು ಐದು ತಿಂಗಳು ಮನೆಯವರಲ್ಲದ ಕಿರಿಯರನ್ನು ಹತ್ತಿಸಿಕೊಳ್ಳುವಂತಿಲ್ಲ. ಹಾಗಾಗಿ ಯಾರ ತಾಯ್ತಂದೆ ಯಾರನ್ನು ಕರೆದೊಯ್ಯುತ್ತಾರೆ ಎಂಬುದು ಸಭೆಯಲ್ಲೇ ಗೊತ್ತಾಗಬೇಕು.

ಈಗ ನಮ್ಮ ಕಡೆಗೆ ಬರೋಣ. ಸೇವೆ ಕೊಪ್ಪಳಕ್ಕೆ ಯಾರೂ ಕಲಿಸಿಕೊಡಬೇಕಾದ್ದಲ್ಲ. ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಜೋಳದ ರೊಟ್ಟಿ ಬರುತ್ತವೆ, ಬಡಿಸುವ ಕೈಗಳೂ ಬರುತ್ತವೆ. 2019ರಲ್ಲಿ ಹಿರೇಹಳ್ಳವನ್ನು ಹಸನು ಮಾಡಲು ಜನ ಇಳಿದದ್ದನ್ನು ಮರೆತಿಲ್ಲ. ಎನ್‌ಎಸ್‌ಎಸ್ 1969ರಿಂದ ಇದೆ, ಎರಡು ವರ್ಷಕ್ಕೆ 240 ತಾಸು, ಅಂದರೆ ಮೇರಿಲ್ಯಾಂಡಿನ ಮೂರು ಪಟ್ಟಿಗಿಂತ ಹೆಚ್ಚು. ಆದರೆ ಅದು ಕಾಲೇಜು ಮಟ್ಟದ್ದು. ಹೈಸ್ಕೂಲಿನಲ್ಲಿ ಸ್ಕೌಟ್ಸ್ ಗೈಡ್ಸ್, ಸೇವಾದಳ ಇದ್ದಲ್ಲಿ ಅದರ ಒಳಗೇ ಈ ಏರ್ಪಾಡು ಕೂರಿಸಬಹುದು, ಹೊಸ ಫಲಕ ಬೇಕಿಲ್ಲ.

ಹತ್ತನೆಯವರಿಗೆ ಎಸ್‌ಎಸ್‌ಎಲ್‌ಸಿ ಒತ್ತಡ, ಆದ್ದರಿಂದ ಎಂಟು, ಒಂಬತ್ತನೇ ತರಗತಿಯ 12ರಿಂದ 15 ಮಕ್ಕಳು ಸಾಕು. ನಲವತ್ತು ಜನ ಹೋಗಿ ನಿಂತರೆ ಕೆಲಸವಿರುವುದು ಹತ್ತು ಜನಕ್ಕೆ, ಉಳಿದವರು ಗದ್ದಲ ಮಾಡುತ್ತಾರೆ, ಮುಂದಿನ ಸಲ ಯಾರೂ ಕರೆಯುವುದಿಲ್ಲ. ಸಂಜೆ ಬೇಡ: ಹಳ್ಳಿಯಿಂದ ಬರುವ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಬಸ್ ತಪ್ಪುತ್ತದೆ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಒಂದು ತಾಸು ಸರಿ. ಪಾಲಕರ ಒಪ್ಪಿಗೆ ಚೀಟಿ ಜೂನ್‌ನಲ್ಲೇ ತೆಗೆದುಕೊಳ್ಳಿ, ಎಸ್‌ಡಿಎಂಸಿ ಸಭೆಯಲ್ಲಿ ತಿಳಿಸಿ.

ವರ್ಷಕ್ಕೆ ಹತ್ತು ಕೆಲಸ ಬೇಡ, ವಾರವಾರ ಮಾಡುವ ಒಂದೇ ಕೆಲಸ ಇರಲಿ. ಪಕ್ಕದ ಪ್ರಾಥಮಿಕ ಶಾಲೆಯ ಮೂರನೇ ತರಗತಿಯವರಿಗೆ ಕನ್ನಡ ಓದಿಸುವುದು ಅತ್ಯುತ್ತಮ. ದುಡ್ಡು ಬೇಡ, ದೊಡ್ಡವರು ಅಲ್ಲೇ ಇರುತ್ತಾರೆ. ಒಬ್ಬ ದೊಡ್ಡ ಹುಡುಗನಿಗೆ ಇಬ್ಬರು ಚಿಕ್ಕವರು, ಬಾಗಿಲು ತೆರೆದ ಕೋಣೆ, ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಆಟ. ಬಿಸಿಲಿನ ಕೆಲಸ ಫೆಬ್ರುವರಿಯಿಂದ ಆಚೆಗೆ ಬೇಡವೇ ಬೇಡ. ಶೌಚಾಲಯ ತೊಳೆಸುವುದನ್ನು ಸೇವೆ ಎಂದು ಕರೆಯಬೇಡಿ, ಮಕ್ಕಳ ಕೈಲಿ ಅದನ್ನು ಮಾಡಿಸಕೂಡದು. ಜಾತ್ರೆಯಲ್ಲಿ ನೀರು ಕೊಡಲು ನಿಲ್ಲಿಸಿದರೆ ಎರಡು ತಾಸಿಗೊಮ್ಮೆ ಪಾಳಿ ಬದಲಿಸಿ, ನಿಂತ ಮಕ್ಕಳೂ ಉಂಡರೋ ಇಲ್ಲವೋ ನೋಡಲು ಒಬ್ಬರನ್ನು ಇಡಿ.

ದುಡ್ಡು ಕೂಡಿದರೆ ಇಬ್ಬರು ಮಕ್ಕಳು ಎಣಿಸಿ ಸಹಿ ಹಾಕಿ ಅಂದೇ ಹೆಡ್‌ಮಾಸ್ತರರಿಗೆ ಒಪ್ಪಿಸಲಿ. ಯಾವ ಮಗುವೂ ಅದನ್ನು ಮನೆಗೆ ಒಯ್ಯಬಾರದು. ಹತ್ತು ರೂಪಾಯಿ ಕಡಿಮೆ ಬಿದ್ದರೂ ಆ ಹುಡುಗನ ಹೆಸರು ಕೆಡುತ್ತದೆ.

ಇನ್ನೂರು ಪುಟದ ಒಂದು ಲಾಂಗ್ ಬುಕ್ ತನ್ನಿ. ತಾರೀಖು, ಬಂದವರ ಹೆಸರು, ಶುರುವಾದ ಹೊತ್ತು, ಮುಗಿದ ಹೊತ್ತು, ದೊಡ್ಡವರ ಸಹಿ, ಕೊನೆಯ ಅಂಕಣದಲ್ಲಿ "ಏನು ಕೆಟ್ಟಿತು" ಎಂಬ ಒಂದು ಸಾಲು. ಅಮೆರಿಕದ ಕ್ಲಬ್ಬುಗಳು ಸಾಯುವುದು ಪದಾಧಿಕಾರಿಗಳೆಲ್ಲ ಒಟ್ಟಿಗೆ ಪಾಸಾಗಿ ಹೋದಾಗ. ಅದಕ್ಕೇ ಜನವರಿಯಲ್ಲೇ ಎಂಟನೆಯವರಿಂದ ಇಬ್ಬರನ್ನು ಆರಿಸಿ, ಫೆಬ್ರುವರಿ ಪೂರ್ತಿ ಹಳಬರ ಪಕ್ಕ ಕೂರಿಸಿ, ಆ ಬುಕ್ಕನ್ನು ಅವರ ಕೈಯಿಂದಲೇ ಬರೆಸಿ.